ಡೀಸೆಲ್ ಪಂಪಿನ ಮೇಲಿನ ಗೆರೆ

ಆ ಬುಧವಾರ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ಅತ್ತೆ ತುಳಸಿಕಟ್ಟೆಗೆ ನೀರು ಹಾಕಿ ಒಳಗೆ ಬಂದಿದ್ದರು. ನಾನು ರೊಟ್ಟಿಗೆ ಎಸರು ಇಟ್ಟಿದ್ದೆ. ಹೊರಗೆ ಪತ್ರಾಸಿನ ತಗಡು ಹೊದಿಸಿದ ಶೆಡ್ಡಿನಲ್ಲಿ ನನ್ನ ಗಂಡ ಜೀಪಿನ ಬಾನೆಟ್ ಎತ್ತಿ ನಿಲ್ಲಿಸಿ, ಸಿಂದಗಿಯಿಂದ ಬರುವ ಗೆಳೆಯನ ದಾರಿ ಕಾಯುತ್ತಿದ್ದರು. ಆ ಗೆಳೆಯರದು ಸಿಂದಗಿಯಲ್ಲಿ ಸಣ್ಣದೊಂದು ಗ್ಯಾರೇಜು. ನಮ್ಮ ಜೀಪನ್ನು ಅವರನ್ನು ಬಿಟ್ಟು ಬೇರೆ ಮಿಸ್ತ್ರಿ ಮುಟ್ಟಿದ್ದಿಲ್ಲ.

ಜೀಪು ಹಳೆಯದು. ನಾನು ಮದುವೆಯಾಗಿ ಹೊರ್ತಿಗೆ ಬರುವ ಮೊದಲೇ ಈ ಮನೆಗೆ ಬಂದಿತ್ತು. ನಮ್ಮ ನಿಂಬೆ ತೋಟ ಹಳ್ಳದ ಆಚೆ ಇದೆ. ನಡುವೆ ಎರೆ ಭೂಮಿ. ಒಂದು ಮಳೆ ಬಿದ್ದರೆ ಟೆಂಪೊ, ಟಂಟಂ ಯಾವುದೂ ಆ ಕಡೆ ಹೋಗುವುದಿಲ್ಲ. ಜೀಪು ಮಾತ್ರ ನಾಲ್ಕೂ ಗಾಲಿಗೆ ಬಲ ಕೊಟ್ಟುಕೊಂಡು, ಕೆಸರು ಎರಚಿಕೊಂಡು, ನಿಂಬೆಯ ಚೀಲ ಹೇರಿಕೊಂಡು ಬರುತ್ತಿತ್ತು. ಆ ವಾರ ಏರು ಹತ್ತುವಾಗ ಕಪ್ಪು ಹೊಗೆ ಬಿಡುತ್ತಿತ್ತು. ಅದನ್ನು ನೋಡಲೆಂದೇ ಸಿಂದಗಿ ಮಿಸ್ತ್ರಿ ಬಂದದ್ದು.

ಚಹಾ ಕೊಡಲು ಹೋದಾಗ ಶೆಡ್ಡಿನಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಮಿಸ್ತ್ರಿ ಉಳಿ ಸುತ್ತಿಗೆ ಹಿಡಿದು ಎಂಜಿನ್ನಿಗೆ ಹೊಡೆಯುತ್ತಿದ್ದರು. ಏನು ಒಡೆಯುತ್ತಿದ್ದೀರಿ ಎಂದು ಕೇಳಿದೆ.

"ಏನಿಲ್ಲ, ಪಂಪಿಗೆ ಗಂಧ ಹಚ್ಚಾಕತ್ತಾನ," ಎಂದರು ನಮ್ಮವರು.

"ವೈನಿ, ನಿಮ್ಮ ಯಜಮಾನ್ರು ಕೂತರ ಅಷ್ಟ ಇದು ಹೊಗಿ ಬಿಡತೈತಿ ನೋಡ್ರಿ," ಎಂದರು ಮಿಸ್ತ್ರಿ. "ನೀವು ಕೂತರ ಆಕಳಿನಂಗ ಸುಮ್ನ ಹೋಗತೈತಿ."

ಮಧ್ಯಾಹ್ನ ಇಬ್ಬರೂ ಪಡಸಾಲೆಯಲ್ಲಿ ಕುಳಿತು ಉಂಡರು. ಮೊದಮೊದಲು ಅತ್ತೆ ಮಿಸ್ತ್ರಿಗೆ ಹೊರಗಿನ ಕಟ್ಟೆಯ ಮೇಲೆ ಬಡಿಸುತ್ತಿದ್ದರು. ನಮ್ಮವರು ಏನೂ ಮಾತಾಡದೆ ತಮ್ಮ ತಾಟನ್ನೂ ಎತ್ತಿಕೊಂಡು ಹೋಗಿ ಅವರ ಪಕ್ಕ ಕೂಡುತ್ತಿದ್ದರು. ಎರಡು ಮೂರು ಸಲ ಹಾಗಾದ ಮೇಲೆ ಅತ್ತೆಯೇ ಇಬ್ಬರಿಗೂ ಒಳಗೆ ಮಣೆ ಹಾಕಿದರು. ಸಂಜೆ ಮಿಸ್ತ್ರಿ ಡೀಸೆಲ್ ಪಂಪನ್ನು ಬಿಚ್ಚಿ ಗೋಣಿ ತಟ್ಟಿನಲ್ಲಿ ಕಟ್ಟಿ, ಎಂಜಿನ್ನಿಗೆ ಗಾಳಿ ಸೋಸಿ ಕೊಡುವ ಡಬ್ಬಿಯನ್ನೂ ಕಿತ್ತು ಚೀಲಕ್ಕೆ ಹಾಕಿಕೊಂಡು, ಎರಡೂ ರಿಪೇರಿ ಆಗಬೇಕು ಎಂದು ಹೇಳಿ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ನಮ್ಮವರು ನಡೆದುಕೊಂಡೇ ತೋಟಕ್ಕೆ ಹೋದರು. ಜೀಪಿಗೆ ಪಂಪು ಇರಲಿಲ್ಲವಲ್ಲ. ಗಿಡದ ಬುಡದಲ್ಲಿ ಕುಳಿತವರು ಏಳಲಿಲ್ಲ. ಕಾಯಿ ಕೀಳುವ ಹೆಂಗಸರು ಓಡಿ ಬಂದು ಹೇಳಿದರು. ಟ್ರ್ಯಾಕ್ಟರು ಸಿಕ್ಕು, ಹಳ್ಳ ದಾಟಿ, ಇಂಡಿ ಪಟ್ಟಣದ ದವಾಖಾನೆ ಮುಟ್ಟುವ ಹೊತ್ತಿಗೆ ಬಹಳ ತಡವಾಗಿತ್ತು. ಎದೆಯ ನೋವು, ಕೂತಲ್ಲೇ ಹೋಗಿದ್ದಾರೆ, ಬೇಗ ತಂದಿದ್ದರೂ ಉಪಯೋಗವಿರಲಿಲ್ಲ ಎಂದು ಡಾಕ್ಟರು ಹೇಳಿದರು. ಆ ಕೊನೆಯ ಮಾತನ್ನು ನಾನು ನಂಬಲಿಲ್ಲ. ಜೀಪು ನಡೆಯುವಂತಿದ್ದರೆ ಎಂಬ ಯೋಚನೆ ಅಂದೇ ನನ್ನೊಳಗೆ ಹೊಕ್ಕಿತು. ಅದನ್ನು ಯಾರ ಮುಂದೆಯೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೇ ಇರಬೇಕು, ಅದು ಬೆಳೆಯಿತು.

ಎರಡು ತಿಂಗಳ ಮೇಲೆ ಸಿಂದಗಿ ಮಿಸ್ತ್ರಿ ಪಂಪು ತಂದು ಕೂಡಿಸಿದರು. ಅವತ್ತು ಉಣ್ಣಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಈಗಲೇ ಚಾಲು ಮಾಡಬೇಡಿ, ಹ್ಯಾಂಡಲ್ ತಿರುಗಿಸಲು ಯಾರಿಗೂ ಬಿಡಬೇಡಿ, ನಿಮಗೆ ಮನಸ್ಸಾದಾಗ ಹೇಳಿ, ನಾನೇ ಬಂದು ಚಾಲು ಮಾಡುತ್ತೇನೆ ಎಂದರು. ಇನ್ನೂ ಏನೋ ಹೇಳಿದರು. ನಾನು ಆಗ ಮಾತುಗಳನ್ನು ಕೇಳುತ್ತಿದ್ದೆ, ಹಿಡಿದಿಟ್ಟುಕೊಳ್ಳುತ್ತಿರಲಿಲ್ಲ.

ಅದಾದ ಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಆದರೆ ಫೋನು ಮಾಡುತ್ತಿದ್ದರು. ತಿಂಗಳಿಗೆ ಒಂದು ಸಲ, ಕೆಲವೊಮ್ಮೆ ಎರಡು ಸಲ. ಅತ್ತೆಯ ಮಂಡಿ ನೋವು ಕೇಳಿ, ನಿಂಬೆಯ ಧಾರಣೆ ಕೇಳಿ, ಆಮೇಲೆ ನಮ್ಮವರ ಒಂದು ಸುದ್ದಿ ಹೇಳುತ್ತಿದ್ದರು. ಮುದ್ದೇಬಿಹಾಳದ ಬಾಜಾರದಲ್ಲಿ ಇಬ್ಬರೂ ಒಂದೇ ಜೊತೆ ಚಪ್ಪಲಿ ಕೊಂಡು, ಯಾರು ಹಾಕಿಕೊಳ್ಳಬೇಕೆಂದು ಬಸ್ಸಿನಲ್ಲಿ ಜಗಳಾಡಿದ್ದು. ಭೀಮೆಯ ಉಸುಕಿನಲ್ಲಿ ಜೀಪು ಹೂತಾಗ ನಮ್ಮವರು ಹೊಸ ಧೋತರವನ್ನು ಗಾಲಿಯ ಕೆಳಗೆ ಹಾಸಿದ್ದು. ಇವೆಲ್ಲ ನನಗೆ ಗೊತ್ತಿರದ ಸಂಗತಿಗಳು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳುತ್ತಿದ್ದೆ. ಫೋನು ಇಟ್ಟ ಮೇಲೆ, ಇಷ್ಟು ಮಾತಾಡುವ ಮನುಷ್ಯ ಮನೆಗೆ ಯಾಕೆ ಬರುವುದಿಲ್ಲ ಎಂದು ಯೋಚಿಸುತ್ತಿದ್ದೆ.

ನಮ್ಮವರು ಹೋದ ಮೇಲೆ ಅನುಮಾನ ನನಗೊಂದು ಅಭ್ಯಾಸವಾಗಿ ಹೋಗಿತ್ತು. ಹಾಲಿನವಳ ಅಳತೆ, ಕಾಯಿ ಕೀಳುವವರ ಚೀಲ, ಪಕ್ಕದ ಹೊಲದವರು ಬದುವಿಗೆ ಹಾಕಿದ ಕಲ್ಲು, ಎಲ್ಲವನ್ನೂ ಎರಡು ಸಲ ನೋಡುತ್ತಿದ್ದೆ. ನಾನು ಓದಿದ್ದು ಪಿಯುಸಿ. ತೋಟದ ವ್ಯವಹಾರ ನನಗೆ ಹೊಸದು. ಎಲ್ಲರೂ ನನ್ನನ್ನು ಮೋಸ ಮಾಡಲು ಹೊಂಚು ಹಾಕಿದ್ದಾರೆ ಎಂದುಕೊಂಡರೆ ಒಂದು ರೀತಿಯ ಧೈರ್ಯ ಬರುತ್ತಿತ್ತು.

ಜೀಪು ಐದು ವರ್ಷ ನಿಂತಲ್ಲೇ ನಿಂತಿತು. ಗಾಲಿಗಳು ನೆಲಕ್ಕೆ ಕೂತವು. ವರ್ಷಕ್ಕೊಮ್ಮೆ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೆ ಪೂಜೆಗೆ ಮಾತ್ರ ಅದನ್ನು ತೊಳೆದು ಹೂವು ಏರಿಸುತ್ತಿದ್ದೆವು.

ಕಳೆದ ವರ್ಷ ಶ್ರಾವಣದಲ್ಲಿ ಬಸವನ ಬಾಗೇವಾಡಿಯಿಂದ ನನ್ನ ತಮ್ಮ ಪಂಚಮಿಗೆ ಕರೆಯಲು ಬಂದ. ಬರಲಾಗುವುದಿಲ್ಲ ಎಂದೆ. ಮೂರು ದಿನ ಮಳೆಯಾಗಿ, ಕಿತ್ತಿಟ್ಟ ನಿಂಬೆ ತೋಟದಲ್ಲೇ ಬಿದ್ದಿತ್ತು. ಹೆಂಗಸರು ತಲೆಯ ಮೇಲೆ ಹೊತ್ತು ಹಳ್ಳ ದಾಟಿಸುತ್ತಿದ್ದರು. ಒಬ್ಬಾಕೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದಳು. ತಮ್ಮ ಶೆಡ್ಡಿನ ಕಡೆ ನೋಡಿ, ಇದನ್ನು ಯಾಕೆ ಚಾಲು ಮಾಡಿಸಬಾರದು ಎಂದ. ಅವನದು ಸ್ವಂತ ಟ್ರ್ಯಾಕ್ಟರು, ಯಂತ್ರದ ಕೆಲಸ ಅಷ್ಟಿಷ್ಟು ಗೊತ್ತು. ಬಾನೆಟ್ ಎತ್ತಿದ. ಮುಂದೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಲು ನೋಡಿದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಜಾಮ್ ಆಗೇತಿ ಅಕ್ಕಾ," ಎಂದ. ಬೆವರು ಒರೆಸಿಕೊಂಡು ಡೀಸೆಲ್ ಪಂಪಿನ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದ. "ಎಂಜಿನ್ ಎಲ್ಲಾ ತುಕ್ಕು ಹಿಡದೈತಿ, ಪಂಪ್ ಅಷ್ಟ ಹೊಸಾ ಬಣ್ಣದಾಗ ಐತಿ. ಬೋಲ್ಟೂ ಬ್ಯಾರೆ. ಇದು ಮಾಮಾನ ಪಂಪ್ ಅಲ್ಲ."

ಹಳೆಯ ಅಸಲಿ ಪಂಪಿಗೆ ಈಗ ಗಿರಾಕಿ ಬಹಳ, ಹಳೆಯ ಜೀಪು ಕೂಡಿಸುವವರು ಹುಡುಕಿಕೊಂಡು ಬರುತ್ತಾರೆ, ಅದನ್ನು ತೆಗೆದುಕೊಂಡು ಯಾವುದೋ ಕೆಟ್ಟ ಪಂಪಿಗೆ ಬಣ್ಣ ಬಳಿದು ಕೂಡಿಸಿದ್ದಾರೆ ಎಂದು ಅವನು ವಿವರಿಸಿದ. ನನ್ನ ತಲೆಯಲ್ಲಿ ಐದು ವರ್ಷದ ಎಲ್ಲ ಸಂಗತಿಗಳೂ ಒಂದಕ್ಕೊಂದು ಕೂಡಿಕೊಂಡವು. ಯಾರಿಗೂ ಮುಟ್ಟಲು ಬಿಡಬೇಡಿ ಎಂದದ್ದು ಇದಕ್ಕೆ. ಮನೆಗೆ ಬರದೆ ಫೋನು ಮಾಡಿದ್ದು ಇದಕ್ಕೆ. ಜೀಪು ಇನ್ನೂ ಮುಚ್ಚಿಯೇ ಇದೆಯೇ ಎಂದು ತಿಳಿಯಲು ಫೋನು, ನಾನು ಆ ಕಡೆ ನೋಡದಿರಲಿ ಎಂದು ನಮ್ಮವರ ಸುದ್ದಿ. ಚಪ್ಪಲಿಯ ಸುದ್ದಿಯೂ ಸುಳ್ಳಿರಬಹುದು ಎನ್ನಿಸಿತು. ಅದು ನನಗೆ ಪಂಪಿಗಿಂತ ಹೆಚ್ಚು ನೋವು ಮಾಡಿತು. ಪಂಪು ಹೋದರೆ ಹೋಗಲಿ, ಆ ಮನುಷ್ಯ ನಿಜವೋ ಸುಳ್ಳೋ ಎಂಬುದಷ್ಟೇ ನನಗೆ ಗೊತ್ತಾಗಬೇಕಿತ್ತು. ಅವರು ಸುಳ್ಳಾದರೆ ನಮ್ಮವರ ಬಗ್ಗೆ ನಾನು ಐದು ವರ್ಷದಲ್ಲಿ ಕೇಳಿದ್ದೆಲ್ಲ ಸುಳ್ಳು.

ಮುಂದಿನ ವಾರ ಇಂಡಿಗೆ ಹೋಗಿ ಬಸ್ಸು ಬದಲಿಸಿ ಸಿಂದಗಿಗೆ ಹೋದೆ. ತಮ್ಮ ಬರುತ್ತೇನೆಂದ, ಬೇಡ ಎಂದೆ. ಅವನಿಗೆ ಆ ಜೀಪಿನ ಮೇಲೆ ಕಣ್ಣಿದೆಯೋ ಏನೋ ಎಂಬ ಅನುಮಾನವೂ ಒಂದು ಕಡೆ ಇತ್ತು.

ಗ್ಯಾರೇಜಿನಲ್ಲಿ ಮಿಸ್ತ್ರಿ ಒಂದು ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದರು. ಇಬ್ಬರು ರೈತರು ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಗೋಡೆಯ ಹಲಗೆಯ ಮೇಲೆ ಮೂರು ನಾಲ್ಕು ಹಳೆಯ ಪಂಪುಗಳಿದ್ದವು. ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಮಿಸ್ತ್ರಿ ಹೊರಗೆ ತೆವಳಿ ಬಂದು, ವೈನಿ, ಒಂದು ಫೋನು ಮಾಡಿದ್ದರೆ ಸಾಕಾಗುತ್ತಿತ್ತಲ್ಲ, ಇಷ್ಟು ದೂರ ಯಾಕೆ ಬಂದಿರಿ ಎಂದರು. ತಲೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕುರ್ಚಿ ಒರೆಸಿ ಹಾಕಿದರು. ನಾನು ಕೂಡಲಿಲ್ಲ. ದಾರಿಯುದ್ದಕ್ಕೂ ಬಳಸಿ ಕೇಳಬೇಕು, ಮೆಲ್ಲಗೆ ಕೇಳಬೇಕು ಎಂದು ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಂದ ಬಂದದ್ದೇ ಬೇರೆ.

"ನಮ್ಮ ಪಂಪ್ ಎಲ್ಲೈತ್ರಿ?"

ಬೆಂಚಿನ ಮೇಲಿದ್ದವರು ಬಟ್ಟಲು ಕೆಳಗಿಟ್ಟು ನೋಡಿದರು. ಮಿಸ್ತ್ರಿ ಕೈಯನ್ನು ಅರಿವೆಗೆ ಒರೆಸಿಕೊಂಡರು. ಒಂದೊಂದೇ ಬೆರಳು ಒರೆಸಿಕೊಂಡರು.

"ನಿಮ್ಮ ಗಾಡ್ಯಾಗ ಐತಿ," ಎಂದರು.

ಅದು ನಮ್ಮದಲ್ಲ ಎಂದು ನೋಡಿದವರು ಹೇಳುತ್ತಾರೆ ಎಂದೆ. ಎಂಜಿನ್ನೂ ಜಾಮ್ ಆಗಿದೆ ಎಂದೆ. ನಡೆಯುವ ಗಾಡಿಯ ಪಂಪು ಬಿಚ್ಚಿಕೊಂಡು ಹೋದಿರಿ, ಮರುದಿನ ನಮಗೆ ಗಾಡಿ ಬೇಕಾಗಿತ್ತು ಎಂದೂ ಅಂದುಬಿಟ್ಟೆ. ಐದು ವರ್ಷ ಯಾರಿಗೂ ಹೇಳದ ಮಾತು ಅದು. ಅವರ ಮುಖ ಅಲ್ಲಿಯವರೆಗೆ ಹೇಗಿತ್ತೋ ಆಮೇಲೆ ಹಾಗಿರಲಿಲ್ಲ.

"ಬ್ಯಾರೆ ಮಿಸ್ತ್ರಿನ್ನ ಕರಸ್ರಿ ಬಾಯಾರ," ಎಂದರು. "ನಾ ಮುಟ್ಟಿದರ ಮತ್ತೊಂದು ಮಾತು ಬರತೈತಿ."

ಅಲ್ಲಿಯವರೆಗೆ ಅಣ್ಣನ ಹೆಂಡತಿಯೆಂದು ವೈನಿ ಎನ್ನುತ್ತಿದ್ದರು. ಬಾಯಾರ ಎಂದು ಕರೆದದ್ದು ಅದೇ ಮೊದಲು. ಪರ ಊರಿನ ಗಿರಾಕಿ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಮತ್ತೆ ಟ್ರ್ಯಾಕ್ಟರಿನ ಕೆಳಗೆ ಹೋಗಿ ಮಲಗಿದರು. ತಪ್ಪು ಮಾಡಿದವರು ಜಗಳಾಡುವುದಿಲ್ಲ, ಹೀಗೇ ಮುಖ ಮರೆಸುತ್ತಾರೆ ಎಂದುಕೊಂಡು ನಾನು ಬಸ್ಸು ಹತ್ತಿದೆ.

ತಮ್ಮ ಮುದ್ದೇಬಿಹಾಳದಿಂದ ಒಬ್ಬ ಮುದುಕ ಮಿಸ್ತ್ರಿಯನ್ನು ಕರೆದುಕೊಂಡು ಬಂದ. ಕೆಲಸ ಬಿಟ್ಟು ಮಗನ ಮನೆಯಲ್ಲಿದ್ದವರು. ಹಳೆಯ ಜೀಪು ಎಂದರೆ ಮಾತ್ರ ಎದ್ದು ಬರುತ್ತಿದ್ದರಂತೆ. ನಾವು ಅವರನ್ನು ಅಜ್ಜಾರ ಎಂದೇ ಕರೆದೆವು. ಒಂದು ವಾರ ನಮ್ಮಲ್ಲೇ ಉಳಿದರು. ಅವರ ಮೇಲೂ ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಅವರು ಬಿಚ್ಚಿದ ಪ್ರತಿ ಸಾಮಾನನ್ನು ಒಂದು ಹಳೆಯ ಸೀರೆಯ ಮೇಲೆ ಸಾಲಾಗಿ ಇಡಿಸಿ ಫೋನಿನಲ್ಲಿ ಫೋಟೊ ಹಿಡಿದುಕೊಳ್ಳುತ್ತಿದ್ದೆ. ಸಂಜೆ ಫೋಟೊ ನೋಡಿ ತಾಳೆ ಹಾಕುತ್ತಿದ್ದೆ.

"ತಂಗಿ, ಲಗ್ನದ ಆಲ್ಬಮ್ ಮಾಡಸ್ತೀಯೇನು?" ಎಂದು ಅಜ್ಜ ಒಮ್ಮೆ ಕೇಳಿದರು. ಬೇಸರ ಮಾಡಿಕೊಳ್ಳಲಿಲ್ಲ. ಬಹುಶಃ ನನ್ನಂಥವರನ್ನು ಬೇಕಾದಷ್ಟು ನೋಡಿದ್ದರು.

ಮೊದಲ ದಿನ ಸೀಟು ತೆಗೆದಾಗ ಇಲಿಯ ಗೂಡು ಸಿಕ್ಕಿತು. ತೊಗರಿ ಹೊಟ್ಟು, ಚಿಂದಿ, ಯಾವುದೋ ಪಂಚಾಂಗದ ಹಾಳೆ. ಟಾಕಿಯಲ್ಲಿದ್ದ ಡೀಸೆಲ್ ಕಾಕಂಬಿಯಂತಾಗಿತ್ತು. ಅದನ್ನು ಸುರಿದು ಟಾಕಿ ತೊಳೆದರು. ಎಂಜಿನ್ನಿನ ಆಯಿಲ್ ಕೆಳಗೆ ಬಿಟ್ಟಾಗ ಮೊದಲು ನೀರು ಬಂತು, ಆಮೇಲೆ ಮಜ್ಜಿಗೆಯಂಥ ಬಿಳಿ ದ್ರವ ಬಂತು. ಅಜ್ಜ ಅದರಲ್ಲಿ ಬೆರಳಿಟ್ಟು ಮೂಸಿದರು. ಆಮೇಲೆ ಗಾಳಿ ಒಳಗೆ ಹೋಗುವ ಕೊಳವೆಯನ್ನು ಬಿಚ್ಚಿ ಬ್ಯಾಟರಿ ಬೆಳಕು ಬಿಟ್ಟರು. ಒಳಗೆ ಮೇಲಿನಿಂದ ಕೆಳಗಿನವರೆಗೆ ಕೆಂಪು ತುಕ್ಕಿನ ಹರಿವು. ಮೂರನೆಯ ಪಿಸ್ಟನ್ನಿನವರೆಗೂ ಹೋಗಿತ್ತು.

ಇಲ್ಲಿಂದ ನೀರು ಇಳಿದಿದೆ, ಒಂದು ಸಲವಲ್ಲ, ಹಲವು ಸಲ ಎಂದರು ಅಜ್ಜ. ತಮ್ಮ ನನ್ನ ಮುಖ ನೋಡಿದ. ಪಂಪು ಬದಲಿಸಿದ್ದು ಗೊತ್ತಾಗಬಾರದೆಂದು ಎಂಜಿನ್ನನ್ನೇ ಕೆಡಿಸಿ ಹೋಗಿದ್ದಾರೆ ಎಂದು ಅವನ ಲೆಕ್ಕ. ನನ್ನದೂ ಅದೇ ಲೆಕ್ಕ. ಗಾಳಿಯ ಡಬ್ಬಿ ಕಿತ್ತು ಬಾಯಿ ತೆರೆದು ಬಿಟ್ಟು ಹೋದವರು ಅವರೇ ತಾನೆ.

ಅಜ್ಜ ಆ ಕೊಳವೆಯ ಬಾಯಿಯನ್ನು ತಿರುವಿ ನೋಡುತ್ತಿದ್ದರು. ಅಂಚಿನ ಸುತ್ತ ಸುತಳಿ ಬಿಗಿದ ಗುರುತು, ಹಳೆಯ ಎಣ್ಣೆಯ ಜಿಡ್ಡು ಇತ್ತು. ಅದಕ್ಕೆ ಕೊಳೆತು ಉಳಿದ ಒಂದು ಬಿಳಿ ಅರಿವೆಯ ಚೂರು ಅಂಟಿತ್ತು.

"ಇದಕ್ಕ ಎಣ್ಣಿ ಅರಿವಿ ಬಿಗದು ಕಟ್ಟಿದ್ದರು. ಯಾರು ಬಿಚ್ಚಿದ್ರಿ?"

ಅತ್ತೆ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ ಹೇಳಿದರು.

"ಖಂಡೆ ಪೂಜಿ ದಿನ ಅಂಥಾ ಹೊಲಸು ಅರಿವಿ ಹೆಂಗ ಇಡೂದು? ಇಕಿನ ಬಿಚ್ಚಿ ಒಗದಳು. ಸ್ವಚ್ಛ ತೊಳದು ಹೊಸಾ ಅರಿವಿ ಕಟ್ಟತಿದ್ದಿವಿ."

ಹೌದು, ಬಿಚ್ಚಿದ್ದು ನಾನೇ. ಮೊದಲ ವರ್ಷದ ಖಂಡೆ ಪೂಜೆ. ಮನೆಯ ಕುಡಗೋಲು, ಸಲಿಕೆ, ನನ್ನ ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದೆವು. ಜೀಪಿನ ಬಾನೆಟ್ ಎತ್ತಿದರೆ ಒಳಗೊಂದು ಕಪ್ಪು ಜಿಡ್ಡಿನ ಚಿಂದಿ. ಮಡಿಯಲ್ಲಿದ್ದ ನಾನು ಅದನ್ನು ಕೋಲಿನಿಂದ ಎಳೆದು ತೆಗೆದು ತಿಪ್ಪೆಗೆ ಎಸೆದೆ. ನಮ್ಮವರು ಇದ್ದಾಗ ಜೀಪು ಹೇಗೆ ಮಿಂಚುತ್ತಿತ್ತೋ ಹಾಗೆ ಮಾಡಬೇಕೆಂದು ಎಂಜಿನ್ನಿನ ಮೇಲೆ ಕೊಡಗಟ್ಟಲೆ ನೀರು ಸುರಿದೆ. ಆಮೇಲೆ ಆ ಬಾಯಿಗೆ ಅವರದೇ ಒಂದು ಬಿಳಿ ಪಂಚೆಯನ್ನು ಹರಿದು ಕಟ್ಟಿದೆ. ಎಂಜಿನ್ನು ಗಾಳಿ ಎಳೆಯುವ ಬಾಯಿ ಅದೇ ಎಂದು ನನಗೆ ಗೊತ್ತಿರಲಿಲ್ಲ. ಪ್ರತಿ ವರ್ಷ ಅದನ್ನು ಬಿಚ್ಚುವುದು, ನೀರು ಸುರಿಯುವುದು, ಹೊಸ ತುಂಡು ಕಟ್ಟುವುದು. ಐದು ವರ್ಷ ನಾನು ಭಕ್ತಿಯಿಂದ ಮಾಡಿದ್ದು ಅದೇ.

ಆಗ ಸಿಂದಗಿ ಮಿಸ್ತ್ರಿ ಬಾಗಿಲಲ್ಲಿ ನಿಂತು ಹೇಳಿದ ಇನ್ನೊಂದು ಮಾತೂ ನೆನಪಿಗೆ ಬಂತು. ಗಾಳಿಯ ಡಬ್ಬಿ ಇನ್ನೂ ತಯಾರಾಗಿಲ್ಲ, ಚಾಲು ಮಾಡುವ ದಿನ ತರುತ್ತೇನೆ, ಅಲ್ಲಿಯವರೆಗೆ ಆ ಬಾಯಿಗೆ ಕಟ್ಟಿದ ಅರಿವೆಯನ್ನು ಬಿಚ್ಚಬೇಡಿ. ಅವರು ಹೇಳಿದ್ದರು.

ನಾನು ಆ ಹೊತ್ತಿನಲ್ಲಿಯೂ ಪೂರ್ತಿ ಸೋಲಲಿಲ್ಲ. ಪಂಪು ಎಂದೆ. ನೀರು ನನ್ನದೇ ಇರಲಿ, ಪಂಪು ಯಾರದು, ಅದನ್ನು ನೋಡಿ ಎಂದೆ. ಅಜ್ಜ ಚಿಮಣಿ ಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಪಂಪು ಎಂಜಿನ್ನಿಗೆ ಕೂಡುವ ಜಾಗವನ್ನು ತಿಕ್ಕಿದರು. ನನ್ನ ಕೈಯ ಬೆರಳು ಹಿಡಿದು ಅಲ್ಲಿ ಇಟ್ಟರು. ಒಂದು ಗೆರೆ ತಾಗಿತು. ಉಳಿಯಿಂದ ಕೊರೆದ ಗೆರೆ. ಅರ್ಧ ಎಂಜಿನ್ನಿನ ಮೇಲೆ, ಅರ್ಧ ಪಂಪಿನ ಮೇಲೆ.

ಬಿಚ್ಚುವ ಮೊದಲು ಎರಡರ ಮೇಲೂ ಸೇರಿಸಿ ಒಂದೇ ಗೆರೆ ಹೊಡೆಯುತ್ತಾರೆ, ತಿರುಗಿ ಕೂಡಿಸುವಾಗ ಗೆರೆಗೆ ಗೆರೆ ಕೂಡಬೇಕು, ಆಗ ಡೀಸೆಲ್ ಬೀಳುವ ಹೊತ್ತು ತಪ್ಪುವುದಿಲ್ಲ ಎಂದು ವಿವರಿಸಿದರು. ಬೇರೆ ಪಂಪು ತಂದಿಟ್ಟರೆ ಆ ಗೆರೆ ಅದರ ಮೇಲೆ ಎಲ್ಲಿಂದ ಬರಬೇಕು. ಬಣ್ಣ ಹೊಸದಿರುವುದು ಯಾಕೆಂದರೆ, ಪಂಪು ರಿಪೇರಿ ಮಾಡುವ ಅಂಗಡಿಯವರು ಕೆಲಸ ಮುಗಿಸಿ ಬಣ್ಣ ಹೊಡೆದೇ ಕೊಡುತ್ತಾರೆ. ಬೋಲ್ಟೂ ಹೊಸದು ಹಾಕುತ್ತಾರೆ.

"ಇದು ಈ ಎಂಜಿನ್ನಿನ ಜೋಡಿ ಪಂಪ್ ತಂಗಿ. ಕೂಡಿಸಿದಾವ ಕೆಲಸ ಬಲ್ಲಾವ."

ತಮ್ಮ ಹೊರಗೆ ಹೋಗಿ ಬೇವಿನ ಕೆಳಗೆ ನಿಂತ. ನಾನು ಬೆರಳನ್ನು ಆ ಗೆರೆಯಿಂದ ತೆಗೆಯಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ.

ಆಮೇಲಿನದು ಕಾಯುವ ಕೆಲಸ. ನೋಜಲ್ ಬಿಚ್ಚಿದ ನಾಲ್ಕು ತೂತುಗಳಿಗೂ ಡೀಸೆಲ್ ಮತ್ತು ಆಯಿಲ್ ಕೂಡಿಸಿ ಸುರಿದು ನಾಲ್ಕು ದಿನ ಹಾಗೇ ಬಿಟ್ಟರು. ತಮ್ಮ ಹ್ಯಾಂಡಲ್ಲಿಗೆ ಉದ್ದ ಕೊಳವೆ ಸಿಕ್ಕಿಸಿ ಜಗ್ಗೋಣ ಎಂದದ್ದಕ್ಕೆ ಅಜ್ಜ ಬೈದರು. ಸಿಟ್ಟು ಮಾಡಿಕೊಂಡು ಮಲಗಿದ ಅಳಿಯನನ್ನು ಎಬ್ಬಿಸಿದ ಹಾಗೆ ಎಬ್ಬಿಸಬೇಕು, ಕಾಲು ಹಿಡಿದು ಎಳೆದರೆ ಊರಿಗೇ ಹೋಗಿಬಿಡುತ್ತಾನೆ ಎಂದರು. ಆ ನಾಲ್ಕು ದಿನದಲ್ಲಿ ತಮ್ಮ ಗಾಲಿಗಳನ್ನು ಇಂಡಿಗೆ ಒಯ್ದು ಹೊಸ ಟಯರು ಹಾಕಿಸಿದ. ತುಕ್ಕು ತಿಂದ ತಳಕ್ಕೆ ತಗಡು ಬೆಸುಗೆ ಹಾಕಿಸಿದ. ನಾನು ಹೊಲಿಗೆ ಯಂತ್ರದ ಮೇಲೆ ಹುಡ್ಡಿನ ಕ್ಯಾನ್ವಾಸು ಹೊಲಿದೆ. ಎರಡು ಸೂಜಿ ಮುರಿದವು. ಕೆಲಸದ ನಡುವೆ ಎರಡು ಸಲ ಫೋನು ಕೈಗೆ ತೆಗೆದುಕೊಂಡು ಸಿಂದಗಿಯ ನಂಬರು ತೆರೆದೆ. ಎರಡು ಸಲವೂ ಮುಚ್ಚಿದೆ.

ಐದನೆಯ ದಿನ ಹ್ಯಾಂಡಲ್ ಒಂದು ಇಂಚು ಹಿಂದಕ್ಕೆ ಹೋಯಿತು. ಒಂದು ಇಂಚು ಮುಂದಕ್ಕೆ ಬಂತು. ಅಜ್ಜ ಹಾಗೇ ತೂಗುತ್ತ ತೂಗುತ್ತ ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಒಂದು ಸುತ್ತು ತಿರುಗಿಸಿದರು. ತೂತುಗಳಿಂದ ಕೆಂಪು ನೀರು ಚಿಮ್ಮಿ ಅವರ ಅಂಗಿಯ ಮೇಲೆ ಬಿತ್ತು. ನೋಜಲ್ ಕೂಡಿಸಿ, ಹೊಸ ಬ್ಯಾಟರಿ ಜೋಡಿಸಿ, ಟಾಕಿಗೆ ಹೊಸ ಡೀಸೆಲ್ ಹಾಕಿದರು. ಆದರೆ ಡೀಸೆಲ್ ಪಂಪಿನವರೆಗೆ ಬರಲೇ ಇಲ್ಲ. ಅಜ್ಜ ಪೈಪು ಊದಿದರು, ಫಿಲ್ಟರು ಬಿಚ್ಚಿದರು, ಗಾಳಿ ತೆಗೆಯಲು ಕೈಪಂಪು ಒತ್ತಿ ಒತ್ತಿ ಹೆಬ್ಬೆರಳು ಕೆಂಪಾಯಿತು. ನನ್ನ ಹಾಳು ಮನಸ್ಸು, ಗೆರೆಯನ್ನು ಮುಟ್ಟಿ ನೋಡಿದ ಮೇಲೆಯೂ, ಇಲ್ಲಿ ಮತ್ತೇನೋ ಮಾಡಿಟ್ಟಿದ್ದಾರೆ ಎಂದಿತು.

ಮಾಡಿಟ್ಟಿದ್ದು ಹೌದು. ನಾನು ಕೊನೆಗೆ ಫೋನು ಮಾಡಿದೆ. ಮಿಸ್ತ್ರಿ ಎತ್ತಿದರು. ನಾನು ಹೆಸರು ಹೇಳಲಿಲ್ಲ, ಕ್ಷಮೆ ಕೇಳಲಿಲ್ಲ, ಡೀಸೆಲ್ ಬರುತ್ತಿಲ್ಲ ಎಂದಷ್ಟೇ ಹೇಳಿದೆ.

"ಡ್ರೈವರ್ ಸೀಟಿನ ಕೆಳಗ ಚಾಸಿ ಪಟ್ಟಿ ಹಿಂದ ಕೈ ಹಾಕ್ರಿ," ಎಂದರು. "ಒಂದು ಹಿತ್ತಾಳಿ ಕಾಕ್ ಐತಿ. ಅಡ್ಡ ಇದ್ದರ ಬಂದ್. ನೀಟ ಮಾಡ್ರಿ."

ಊರಲ್ಲಿ ಗಾಡಿಗಳಿಂದ ಡೀಸೆಲ್ ಕಳವಾಗುತ್ತಿದ್ದ ಕಾಲದಲ್ಲಿ ಗೆಳೆಯರಿಬ್ಬರೂ ಕೂಡಿ ಡೀಸೆಲ್ ಪೈಪಿಗೆ ಹಾಕಿದ ಗುಟ್ಟಿನ ತೋಟಿ, ನಲ್ಲಿ ಅದು. ಪಂಪು ಕೂಡಿಸಿದ ದಿನ, ಯಾರಾದರೂ ಅವಸರ ಮಾಡಿ ಚಾಲು ಮಾಡದಿರಲಿ ಎಂದು ಮಿಸ್ತ್ರಿ ಅದನ್ನು ಬಂದ್ ಮಾಡಿ ಹೋಗಿದ್ದರು. ಅಜ್ಜ ಕೈ ಹಾಕಿ ತಿರುವಿ, ಇಷ್ಟು ವರ್ಷ ಕೆಲಸ ಮಾಡಿದ ನನಗೇ ಟೋಪಿ ಹಾಕಿದರಲ್ಲ ಎಂದು ನಕ್ಕರು. ಡೀಸೆಲ್ ಬಂತು. ಗಾಳಿಯ ಗುಳ್ಳೆ ನಿಂತಿತು. ತಮ್ಮ ಹೀಟರಿನ ಬಟನ್ ಒತ್ತಿ ಹಿಡಿದು ಇಪ್ಪತ್ತು ಎಣಿಸಿ ಸೆಲ್ಫ್ ಹೊಡೆದ. ಎರಡು ಸಲ ಬರೀ ನರಳಿತು. ಮೂರನೆಯ ಸಲ ಒಂದು ಪಿಸ್ಟನ್ನು ಹಿಡಿಯಿತು, ಆಮೇಲೆ ಇನ್ನೊಂದು. ಶೆಡ್ಡು ತುಂಬ ಬಿಳಿ ಹೊಗೆ. ಪತ್ರಾಸು ಗಡಗಡ ನಡುಗಿತು. ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ಕೈಯಲ್ಲಿದ್ದ ಫೋನನ್ನು ನೋಡಿದರೆ ಅದು ಇನ್ನೂ ಚಾಲೂ ಇತ್ತು. ಅವರು ಇಟ್ಟಿರಲಿಲ್ಲ. ಕಿವಿಗೆ ಹಚ್ಚಿದೆ. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಲಿಲ್ಲ. ಎಂಜಿನ್ನು ನಾಲ್ಕೂ ಪಿಸ್ಟನ್ನಿನ ಮೇಲೆ ಒಂದೇ ಸಮ ಓಡಲು ಶುರುವಾದ ಮೇಲೆ ಫೋನು ಕಟ್ಟಾಯಿತು.

ಎರಡು ದಿನ ಬಿಟ್ಟು ಮತ್ತೆ ಸಿಂದಗಿಗೆ ಹೋದೆ. ಅವತ್ತೂ ಗ್ಯಾರೇಜಿನಲ್ಲಿ ಜನ ಇದ್ದರು. ಜನರ ಮುಂದೆ ಅಂದದ್ದನ್ನು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನಾನು ಬಯಸಿದ್ದೆ.

"ಪಂಪ್ ನಮ್ಮದ ಐತ್ರಿ," ಎಂದೆ. "ನೀರು ಹಾಕಿ ಕೆಡಿಸಿದಾಕಿ ನಾನ. ನಿಮಗ ಅಂದದ್ದು ತಪ್ಪಾತು."

"ಆತ್ ಬಿಡ್ರಿ ಬಾಯಾರ," ಎಂದರು.

ಒಳಗೆ ಹೋಗಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ನನ್ನ ಕೈಗೆ ಕೊಟ್ಟರು. ಗಾಳಿಯ ಡಬ್ಬಿ. ಬೆಸುಗೆ ಹಾಕಿ, ಒಳಗಿನ ಜಾಳಿಗೆ ತೊಳೆದು, ಐದು ವರ್ಷ ಇಟ್ಟುಕೊಂಡಿದ್ದರು. ಹೊಗೆ ಯಾವ ಬಣ್ಣ ಎಂದು ಕೇಳಿದರು. ಬಿಳಿ ಎಂದೆ. ಸ್ವಲ್ಪ ದಿನ ಬರುತ್ತದೆ, ಆಮೇಲೆ ನಿಲ್ಲುತ್ತದೆ, ಡಬ್ಬಿಯನ್ನು ಆ ಮುದ್ದೇಬಿಹಾಳದವರೇ ಕೂಡಿಸಲಿ ಎಂದರು. ಊಟಕ್ಕೆ ಬನ್ನಿ, ಅತ್ತೆಯೂ ಹೇಳಿದ್ದಾರೆ ಎಂದೆ. ಕೆಲಸ ಬಹಳ ಇದೆ ಎಂದರು. ಮನೆಗೆ ಯಾಕೆ ಬರುತ್ತಿರಲಿಲ್ಲ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಆ ಶೆಡ್ಡಿಗೆ ಬಂದು ಆ ಗಾಡಿಯನ್ನು ನೋಡಲು ತಮಗೆ ಆಗುತ್ತಿರಲಿಲ್ಲವಂತೆ. ಮರುದಿನ ನಿಮಗೆ ಗಾಡಿ ಬೇಕಾಗಿತ್ತು ಎಂಬುದನ್ನು ನೀವು ಹೇಳುವ ಮೊದಲೇ ನಾನು ದಿನಾ ಅಂದುಕೊಂಡಿದ್ದೇನೆ ಎಂದರು. ಗಂಟು ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಜೀಪು ಈಗ ತೋಟಕ್ಕೆ ಹೋಗುತ್ತದೆ, ಬರುತ್ತದೆ. ಊರಿನವನೊಬ್ಬ ನಡೆಸುತ್ತಾನೆ, ನಾನು ಪಕ್ಕದಲ್ಲಿ ಕೂಡುತ್ತೇನೆ. ಬಿಳಿ ಹೊಗೆ ನಿಂತಿದೆ. ಈ ಸಲದ ಖಂಡೆ ಪೂಜೆಗೆ ಒಣ ಅರಿವೆಯಿಂದ ಒರೆಸಿದೆವು. ಬೇಗ ತಂದಿದ್ದರೂ ಉಪಯೋಗವಿರಲಿಲ್ಲ ಎಂದು ಡಾಕ್ಟರು ಅಂದು ಹೇಳಿದ ಮಾತನ್ನು ಈಗ ನಾನು ನಂಬುತ್ತೇನೆ. ನಂಬುತ್ತೇನೆ ಎಂದು ಸಿಂದಗಿಗೆ ಫೋನು ಮಾಡಿ ಹೇಳಿದೆ. ಒಳ್ಳೆಯದಾಯಿತು ಎಂದರು. ಅತ್ತೆಯ ಮಂಡಿ ನೋವು ಕೇಳಿದರು. ಅಷ್ಟಕ್ಕೆ ಮಾತು ಮುಗಿಯಿತು.

ಅದಾಗಿ ಎಂಟು ತಿಂಗಳಾಯಿತು. ಅವರಿಂದ ಫೋನು ಬಂದಿಲ್ಲ. ನಾನು ನೋಡದ ನನ್ನ ಗಂಡನನ್ನು ನನಗೆ ಹೇಳುತ್ತಿದ್ದವರು ಅವರೊಬ್ಬರೇ. ಈಗ ಹೇಳುವವರು ಯಾರೂ ಇಲ್ಲ.